ಬಾಣಲೆ ಬೋರಲು ಹಾಕುವವರೆಗೆ

ನಮ್ಮ ಚಿಕ್ಕವ್ವನ ಹೆಬ್ಬೆರಳು, ತೋರುಬೆರಳು ಎರಡೂ ಸೀದುಹೋದ ಹಾಗೆ ಕಪ್ಪಗಿದ್ದವು. ಬಾಳೆಕಾಯಿಯ ಸೊನೆ. ಕೈಗೆ ಎಣ್ಣೆ ಸವರಿಕೊಂಡರೆ ಅದು ಹತ್ತುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು. ಆದರೆ ಎಣ್ಣೆ ಹಚ್ಚಿದರೆ ಚಾಕು ಜಾರುತ್ತದೆ, ಚಾಕು ಜಾರಿದರೆ ಬೆರಳು ಹೋಗುತ್ತದೆ, ಬೆರಳು ಹೋದರೆ ಕೆಲಸ ನಿಲ್ಲುತ್ತದೆ ಎಂದು ಅವಳ ಹೆದರಿಕೆ. ಇಂಥವಳ ಜೊತೆ ನಾನು ವ್ಯಾಪಾರಕ್ಕಿಳಿದೆ.

ಅವಳು ನನ್ನ ತಾಯಿಯ ತಂಗಿ. ಹರದನಹಳ್ಳಿಗೆ ಕೊಟ್ಟಿದ್ದರು. ಚಿಕ್ಕಪ್ಪ ತೀರಿಕೊಂಡ ಮೇಲೆ ಮೈದುನರ ಮನೆಯಲ್ಲಿ ಹಂಗಿನ ಅನ್ನ ಉಣ್ಣುತ್ತಿದ್ದಳು. ಆಗ ತೊಂಬತ್ತರ ದಶಕ. ನಮ್ಮ ಬೇಗೂರಿನ ನೇಂದ್ರ ಬಾಳೆ ಲಾರಿಗಟ್ಟಲೆ ಕೇರಳಕ್ಕೆ ಹೋಗುತ್ತಿತ್ತು. ಬರೀ ಕಾಯಿ ಯಾಕೆ, ಚಿಪ್ಸನ್ನೇ ಮಾಡಿ ಕಳಿಸೋಣ ಎಂದು ಹೊರಟವಳು ನಾನು. ಗಡಿಯಾಚೆ ಬತ್ತೇರಿಯ ಅಂಗಡಿಯವರೊಬ್ಬರು ಓಣಂಗೆ ಒಂದು ಟೆಂಪೊ ಮಾಲು ಕೇಳಿದರು. ಚಿಕ್ಕವ್ವನನ್ನು ಕರೆಸಿಕೊಂಡೆ. ನಮ್ಮ ಮಾವನವರು ಹುಲ್ಲಿನ ಶೆಡ್ಡನ್ನು ಬಿಟ್ಟುಕೊಟ್ಟರು.

"ಓಣಂ ಗಂಟ ನೋಡ್ತೀನಿ ಕಣಮ್ಮ. ಕೊಟ್ಟ ಮಾತು ಉಳಿಸ್ಕಂಡ್ರೆ ಶೆಡ್ಡು ನಿಮ್ದೇ. ಇಲ್ದಿದ್ರೆ ತಿರುಗ ಉಲ್ಲು ತುಂಬ್ಬುಡ್ತೀನಿ."

ಮಾವ ಆಡಿದ್ದನ್ನು ಮಾಡುವವರು. ಹುಲ್ಲು ತುಂಬಿದರೆ ನಾನು ಅಡುಗೆಮನೆಗೆ, ಚಿಕ್ಕವ್ವ ಹರದನಹಳ್ಳಿಗೆ. ಅಷ್ಟೇ.

ನಾನು ಏನು ಹೇಳಿದರೂ ಚಿಕ್ಕವ್ವ ಸೆರಗಿನ ತುದಿಯನ್ನು ಬತ್ತಿಯಂತೆ ಹೊಸೆಯುತ್ತ ಕೇಳುತ್ತಿದ್ದದ್ದು ಒಂದೇ ಮಾತು: "ಆಮ್ಯಾಕೆ?" ಒಲೆ ಹಾಕಿಸಿದೆ ಅಂದರೆ ಆಮ್ಯಾಕೆ. ಡಬ್ಬ ತಂದೆ ಅಂದರೆ ಆಮ್ಯಾಕೆ. ಟೆಂಪೊ ಗೊತ್ತುಮಾಡಿದೆ ಅಂದರೂ ಆಮ್ಯಾಕೆ. ಒಂದು ದಿನ ರೇಗಿಹೋಯಿತು. "ಆಮೇಲೆ ಏನಿಲ್ಲ, ಮುಗೀತು" ಅಂದೆ.

"ಬಾಣ್ಲೆ ತೊಳ್ದು ಬೋರ್ಲಾಕೋ ಗಂಟ ಯಾವ್ದೂ ಮುಗ್ಯಾಕಿಲ್ಲ ಕಣಮ್ಮಿ" ಎಂದಳು.

ಆಷಾಢದ ಮಳೆಯಲ್ಲಿ ಅವಳು ಬತ್ತೇರಿ ಬಸ್ಸಿನ ಕಂಡಕ್ಟರಿಗೆ ಒಂದು ಡಬ್ಬ ಚಿಪ್ಸ್ ಕೊಟ್ಟು, "ಅಲ್ಲಿ ಇಳಿಸ್ಬ್ಯಾಡ ಕಣಪ್ಪ, ಅಂಗೇ ವಾಪಸ್ ತಕ್ಕಬಾ" ಎಂದಳು. ಬಸ್ಸಿಗೆ ಬಸ್ಸೇ ನಕ್ಕಿತು. ಸಂಜೆ ಡಬ್ಬ ತೆರೆದರೆ ಚಿಪ್ಸ್ ಒದ್ದೆ ಕಾಗದದ ಹಾಗೆ ಮೆತ್ತಗಾಗಿತ್ತು. ಬಿಸಿ ಆರುವ ಮೊದಲೇ ಮುಚ್ಚಳ ಹಾಕಿದ್ದೆವು. ಟೆಂಪೊ ತುಂಬ ಹೀಗೆ ಹೋಗಿದ್ದರೆ ಎಂದು ನೆನೆದು ಅಂದು ನನಗೆ ಊಟ ಸೇರಲಿಲ್ಲ.

ಓಣಂ ಹತ್ತಿರ ಬಂದಾಗ ನಾನು ಜಂಬದಿಂದಲೇ ಎಲ್ಲ ಒಪ್ಪಿಸಿದೆ. ಬುಧವಾರ ಕಾಯಿ ಬರುತ್ತೆ.

"ಆಮ್ಯಾಕೆ?"

"ಗುರುವಾರ ಪೂರ್ತಿ ಹೆಚ್ಚೋದು, ಕರಿಯೋದು. ಶುಕ್ರವಾರ ಟೆಂಪೊ."

"ಎಚ್ಚೋರ್ಯಾರು?"

"ಕೂಲಿಗೆ ಬರೋ ನಮ್ಮ ಹೆಂಗಸ್ರೇ."

"ಗುರ್ವಾರ ಗೌರಿ ಹಬ್ಬ ಕಣಮ್ಮಿ. ಒಬ್ಳಾದ್ರೂ ತೌರಿಗೆ ಓಗ್ದೆ ನಿಂತಾಳಾ?"

ನಾನೂ ಹೆಣ್ಣು, ಹಬ್ಬವನ್ನೇ ಮರೆತಿದ್ದೆ. ಕೂಲಿ ಜಾಸ್ತಿ ಕೊಟ್ಟು ಉಳಿಸಿಕೊಳ್ಳೋಣ ಎಂದೆ.

"ಬಾಗಿನಕ್ಕೆ ಕೂಲಿ ಕಟ್ಟಾಕಾಯ್ತದಾ? ಬುಡು, ಓಗ್ಬತ್ತೀನಿ" ಎಂದು ಎದ್ದಳು. ಉಡಿಗಾಲದ ಕಡೆಯ ಹಳ್ಳಿ ಸುತ್ತಿದಳು, ಚಾಮರಾಜನಗರದ ಆಚೆಯ ಊರುಗಳಿಗೂ ಬಸ್ಸು ಹತ್ತಿದಳು. ನಮ್ಮ ಕೆಲಸದವರ ಅಣ್ಣತಮ್ಮಂದಿರ ಮನೆಬಾಗಿಲಿಗೆ ಹೋಗಿ, "ಈ ಸಲ ಅವ್ರನ್ನ ಕರ್ಸ್ಕಬ್ಯಾಡಿ. ಬಾಗಿನ ತಕ್ಕಂಡು ನೀವೇ ಶೆಡ್ಡಿಗೆ ಬನ್ನಿ, ಹಬ್ಬದೂಟ ನಮ್ದು" ಎಂದು ಕೇಳಿಕೊಂಡು ಬಂದಳು.

ಹಬ್ಬದ ದಿನ ಹೊತ್ತೇರಿದರೂ ಒಬ್ಬನ ಸುಳಿವಿಲ್ಲ. ಹೆಂಗಸರ ಕೈ ಬಾಳೆಕಾಯಿಯ ಮೇಲೆ, ಕಣ್ಣು ರಸ್ತೆಯ ಮೇಲೆ. ಒಬ್ಬಳು ಚಾಕು ಕೆಳಗಿಟ್ಟು, "ನಾ ಓಯ್ತೀನಿ ಕಣಕ್ಕ" ಎಂದು ಎದ್ದೇಬಿಟ್ಟಳು. ಜಗಲಿಯ ಮೇಲೆ ಮಾವ ಕುಳಿತಿದ್ದರು. ಚಿಕ್ಕವ್ವನ ಸೆರಗಿನ ತುದಿ ಹೊಸೆದು ಹೊಸೆದು ನೂಲಾಗಿತ್ತು.

ಆಗ ಬಸ್ಸು ನಿಂತಿತು. ತಲೆಯ ಮೇಲೆ ಮೊರ ಹೊತ್ತ ಗಂಡಸರು ಒಬ್ಬರ ಹಿಂದೊಬ್ಬರು ಇಳಿದರು. ಎದ್ದು ನಿಂತಿದ್ದವಳು ಅಲ್ಲೇ ಅತ್ತುಬಿಟ್ಟಳು.

ಶೆಡ್ಡಿನಲ್ಲೇ ಬಾಗಿನ ಕೊಟ್ಟರು. ಚಿಕ್ಕವ್ವ ಗಂಡ ಸತ್ತವಳು. ಅಷ್ಟು ಹೊತ್ತೂ ಒಲೆಯ ಹಿಂದೆ ಮುಖ ಮರೆಸಿ ನಿಂತಿದ್ದಳು. ಉಡಿಗಾಲದಿಂದ ಬಂದವನೊಬ್ಬ ಅಕ್ಕನಿಗೆ ಕೊಟ್ಟು ಮುಗಿಸಿ, ಒಂದು ತೆಂಗಿನಕಾಯಿ, ರವಿಕೆ ಕಣ ಹಿಡಿದು ನೇರ ಒಲೆಯ ಹತ್ತಿರ ಹೋದ. "ನಮ್ಮೂರ್ಗಂಟ ಬಂದು ಕರ್ದೋಳು ನೀನು. ತಕ್ಕಳವ್ವ" ಎಂದ.

"ನಂಗ್ಯಾಕ್ಲಾ" ಎಂದಳು. ಅವನು ಕೈ ಹಿಂದೆಗೆಯಲಿಲ್ಲ. ಆ ಕಪ್ಪು ಬೆರಳುಗಳನ್ನು ಸೀರೆಗೆ ಒರೆಸಿಕೊಂಡಳು. ಸೆರಗೊಡ್ಡಿ ತೆಗೆದುಕೊಂಡು ಕಣ್ಣೊರೆಸಿಕೊಂಡಳು. ಮರುಗಳಿಗೆಗೆ, "ಸರಿ, ಆಮ್ಯಾಕೆ? ಕೂತ್ಕಂಡು ಕಾಯಿ ಸುಲಿ" ಎಂದಳು. ಉಂಡೆದ್ದ ಅಣ್ಣತಮ್ಮಂದಿರೆಲ್ಲ ಚಾಕು ಹಿಡಿದರು.

ಶುಕ್ರವಾರ ಟೆಂಪೊ ಹೊರಟಿತು. ಮಾವ ಮನೆಯ ಹಿಂದೆಯೇ ಹುಲ್ಲಿನ ಮೆದೆ ಒಟ್ಟಿಸಿದರು. ಚಿಕ್ಕವ್ವ ಹರದನಹಳ್ಳಿಗೆ ಮತ್ತೆ ಹೋಗಲಿಲ್ಲ.

ಕೆಲವು ವರ್ಷಗಳ ನಂತರ, ಇನ್ನೊಂದು ಓಣಂ ಎದುರಿಗಿದ್ದಾಗ, ಅವಳು ಗುಂಡ್ಲುಪೇಟೆಯ ಆಸ್ಪತ್ರೆಯಲ್ಲಿ ಮಲಗಿದ್ದಳು. ಈ ಸಲ ಏನೇನು ಮಾಡಿದ್ದೇನೆ ಎಂದು ಹೇಳುತ್ತ ಹೋದೆ. ದನಿ ಇರಲಿಲ್ಲ, ತುಟಿ ಮಾತ್ರ ಆಡಿತು: ಆಮ್ಯಾಕೆ? ಕಾಯಿ ಅಂದೆ, ಗೌರಿ ಅಂದೆ, ಟೆಂಪೊ ಅಂದೆ. ಮತ್ತೆ ತುಟಿ ಆಡಿತು. "ಬಾಣಲೆ ತೊಳೆದು ಬೋರಲು ಹಾಕ್ತೀನಿ ಚಿಕ್ಕವ್ವ" ಅಂದೆ. ಕಣ್ಣು ಮುಚ್ಚಿದಳು. ಎರಡು ದಿನಕ್ಕೆ ಹೋಗಿಬಿಟ್ಟಳು.

ಒಪ್ಪಿಕೊಂಡ ಮಾಲು ನಿಲ್ಲಿಸುವ ಹಾಗಿರಲಿಲ್ಲ. ಆ ವರ್ಷವೂ ಬಾಗಿನದ ಮೊರಗಳು ಬಂದವು, ಟೆಂಪೊ ಹೋಯಿತು. ಎಲ್ಲರನ್ನೂ ಮನೆಗೆ ಕಳಿಸಿ ನಾನೊಬ್ಬಳೇ ಬಾಣಲೆ ತೊಳೆದೆ, ಬೋರಲು ಹಾಕಿದೆ. ಆಮೇಲೆ ಅದರ ಪಕ್ಕದಲ್ಲಿ ಕೂತು ಅತ್ತುಬಿಟ್ಟೆ.