ಮಲಾರದ ಹಿಂದೆ ನಡೆಯುವ ಜಮಾಲಬಿ

ಗಜೇಂದ್ರಗಡದ ಗುಡ್ಡದ ಮೇಲೆ ಬೆಳಕು ಮೂಡುವ ಹೊತ್ತು. ಜಮಾಲಬಿ ಹೊಸ್ತಿಲಲ್ಲಿ ಕುಳಿತು ಗಾಜಿನ ಬಳೆಗಳನ್ನು ಹಗ್ಗಕ್ಕೆ ಪೋಣಿಸುತ್ತಿದ್ದಾಳೆ. ಊರೂರಿಗೆ ಹೊತ್ತು ಮಾರುವ ಬಳೆಯ ಹೊರೆ, ಮಲಾರ, ಇನ್ನೂ ಅರ್ಧವೂ ಕಟ್ಟಿಲ್ಲ; ಗಂಡ ಟಿಪ್ಪುಸಾಬ ಹಗ್ಗವನ್ನು ಕಸಿದುಕೊಳ್ಳುತ್ತಾನೆ.

"ಹಸರ ಬಳಿ ಎಲ್ಲಿ ಮುಚ್ಚಿಟ್ಟಿ? ತವರಿಗೆ ಸಾಗಿಸಿದೇನ?"

ಹಸಿರು ಬಳೆಗಳು ಆತನ ಹೆಗಲ ಮೇಲೆಯೇ ಇವೆ. ಜಮಾಲಬಿ ತೋರಿಸುವುದಿಲ್ಲ; ತೋರಿಸಿದರೆ ಸಿಟ್ಟು ಇನ್ನಷ್ಟು ಏರುತ್ತದೆ. "ಸಿಗತಾವ್ರಿ, ಮೊದಲ ಚಹಾ ಕುಡೀರಿ," ಎನ್ನುತ್ತಾಳೆ. ಆತ ಹಗ್ಗ ಕಸಿದಾಗ ನೆಲಕ್ಕೆ ಚೆಲ್ಲಿದ ಬಳೆಗಳಲ್ಲಿ ಒಡೆಯದೆ ಉಳಿದವನ್ನು ಆರಿಸಿಕೊಂಡು ಮತ್ತೆ ಪೋಣಿಸಲು ಕೂರುತ್ತಾಳೆ.

ಸುತ್ತಲಿನ ಊರುಗಳ ಹೆಣ್ಣುಮಕ್ಕಳಿಗೆ ಟಿಪ್ಪುಸಾಬ ಬರೀ ಬಳೆಗಾರನಲ್ಲ, ತವರಿನ ಕಡೆಯ ಅಣ್ಣ. ನಗಿಸಿ ನಗಿಸಿ, ನೋವು ಗೊತ್ತಾಗುವ ಮೊದಲೇ ಬಳೆ ಏರಿಸಿಬಿಡುತ್ತಿದ್ದ. ಕರ್ನಾಟಕ ಏಕೀಕರಣವಾದ ವರ್ಷ ಆ ನಗು ನಿಂತಿತು. ಲೆಕ್ಕ ತಪ್ಪಲಿಲ್ಲ, ದಾರಿ ತಪ್ಪಲಿಲ್ಲ, ಯಾರ ಹೆಸರೂ ಮರೆಯಲಿಲ್ಲ. ಆದರೆ ಹಬ್ಬದ ದಿನವೂ ಗೋಡೆಯ ಕಡೆ ಮುಖ ಮಾಡಿ ಕೂತ. ಆಮೇಲೆ ಸಂಶಯ, ಆಮೇಲೆ ಬೈಗುಳ. ಔಷಧಿ ಕೊಟ್ಟವರು ಪಿತ್ತವೆಂದರು. ಮರೆವು ಬಂದದ್ದು ಎರಡು ವರ್ಷದ ಮೇಲೆ, ಈಗ.

"ನಗು ಮೊದಲ ಹೋತ್ರಿ. ಜಡ್ಡು ಹಂಗೂ ಬರತೈತಿ ಅಂತ ಯಾರಿಗೆ ಗೊತ್ತಿತ್ತು?" ಎನ್ನುವ ಜಮಾಲಬಿ ಈಗ ಬಳೆ ಇಡಿಸುವ ಕೆಲಸವನ್ನು ತಾನೇ ಹಿಡಿದಿದ್ದಾಳೆ. ಆತನ ಕೈಯಲ್ಲಿ ಬಳೆ ಒಡೆದು ಒಬ್ಬ ಮದುಮಗಳ ಮುಂಗೈ ಕೊಯ್ದಿತ್ತು. ಆತ ಮಲಾರ ಹೊತ್ತು ಮುಂದೆ ನಡೆಯುತ್ತಾನೆ, ಈಕೆ ಹಿಂದೆ.

"ನನಗ ಬೈದ್ರ ಬೈಲಿ. ಮಂದಿ ಅವ್ರಿಗೆ ಬಾಗಲಾ ಮುಚ್ಚಬಾರದ್ರಿ, ಅಷ್ಟ ಸಾಕು."

ಬಾಗಿಲು ಇನ್ನೂ ಮುಚ್ಚಿಲ್ಲ. ಹೆಣ್ಣುಮಕ್ಕಳು ಇದನ್ನು ಅಣ್ಣನ ಮುನಿಸು ಎಂದುಕೊಂಡಿದ್ದಾರೆ. ಲಕ್ಕಲಕಟ್ಟಿಯ ಗೌರವ್ವ ಇಂದು ಹೋಳಿಗೆ ಮಾಡಿ ಕಾದಿದ್ದಾಳೆ.

"ಅಣ್ಣಾ, ತಂಗಿ ಮ್ಯಾಲ ಎಷ್ಟ್ ದಿನದ ಸಿಟ್ಟಿದು? ಪ್ಯಾಟ್ಯಾಗ ಬಳಿ ಇಡಿಸ್ಕೊಂಡೆ, ತಪ್ಪಾತು. ತುಪ್ಪಾ ಹಾಕ್ಲೋ, ಕಾಲಿಗೆ ಬೀಳ್ಲೋ?"

ಟಿಪ್ಪುಸಾಬ ತಾಟು ಸರಿಸುತ್ತಾನೆ. "ಹಲ್ಲ ಬ್ಯಾನಿ ಐತವ್ವಾ," ಎಂದು ಜಮಾಲಬಿ ಸಾವರಿಸುತ್ತಾಳೆ. ಮುನಿಸಾದರೆ ಇಳಿಯಲಿ ಎಂದು ಕಾಯುತ್ತಾರೆ. ತಲೆ ಕೆಟ್ಟ ಜಡ್ಡೆಂದರೆ ಯಾರು ಒಳಗೆ ಕರೆದಾರು?

ಗೌರವ್ವನ ಮಗಳು ದೇವವ್ವ ವಾಡಿಕೆಯಂತೆ ಬಂದು ಆತನ ಮುಂದೆ ಕೈ ಚಾಚುತ್ತಾಳೆ. ಕೂಸಾಗಿದ್ದಾಗಿನಿಂದ ಆಕೆಗೊಂದು ಪುಕ್ಕಟೆ ಬಳೆ, "ನನ್ನ ಸೊಸಿಗೆ" ಎಂದು ಮಾಮಾನ ಕಾಣಿಕೆ. ಟಿಪ್ಪುಸಾಬ ಮಲಾರದಲ್ಲಿ ತಡಕಾಡಿ ಒಂದನ್ನು ತೆಗೆಯುತ್ತಾನೆ. ತೊಟ್ಟಿಲ ಕೂಸಿನ ಅಳತೆಯ ಬಳೆ. ಅದನ್ನೇ ಎಂಟು ವರ್ಷದ ಹುಡುಗಿಯ ಬೆರಳುಗಳ ಮೇಲೆ ಒತ್ತುತ್ತಾನೆ, ಮತ್ತೂ ಒತ್ತುತ್ತಾನೆ. ಗೌರವ್ವನ ನಗು ಅಲ್ಲೇ ಆರುತ್ತದೆ. ಜಮಾಲಬಿ ಮೆಲ್ಲಗೆ ಗಂಡನ ಕೈ ಹಿಡಿಯುತ್ತಾಳೆ. ಇಬ್ಬರು ಹೆಂಗಸರೂ ಒಬ್ಬರನ್ನೊಬ್ಬರು ನೋಡುವುದಿಲ್ಲ.

ದೇವವ್ವ ಕೈ ಹಿಂದೆಗೆಯದೆ ಆತನ ಮುಖವನ್ನೇ ನೋಡುತ್ತಾಳೆ.

"ಮಾಮಾ, ನಾ ಯಾರು, ನಿನಗ ಗುರ್ತ ಐತೇನು?"