ಹಾಲುಕ್ಕದ ಮನೆಯ ಮುಂದೆ ನಂಜೇಗೌಡರು

ನಂಜೇಗೌಡರನ್ನು ನೆನೆದಾಗ ನನ್ನ ಕಣ್ಣಿಗೆ ಮೊದಲು ಬರುವುದು ಅವರ ಪಾದಗಳು. ಬೂದು ಬಣ್ಣದ ಉಣ್ಣೆಯ ಕಾಲುಚೀಲ ತೊಟ್ಟ ಎರಡು ಭಾರೀ ಪಾದಗಳು ಸ್ಟೇಷನ್ ವ್ಯಾಗನ್ ಕಾರಿನ ಹಿಂಬದಿಯ ಗಾಜಿಗೆ ಒಳಗಿನಿಂದ ಒತ್ತಿಕೊಂಡಿರುತ್ತಿದ್ದವು. ಬೆಳಗಿನ ಆರೂವರೆಗೆ ನಾನು ಮಗಳನ್ನು ಡೇಕೇರಿಗೆ ಬಿಡಲು ಹೊರಟಾಗ ದಿನವೂ ಅದೇ ದರ್ಶನ. ಆರಡಿಯ ಮೇಲೆ ಎರಡಂಗುಲ ಇದ್ದ ಆಸಾಮಿ ಅವರು. ಹಿಂದಿನ ಸೀಟು ಮಡಚಿ ಹಾಸಿಗೆ ಹಾಸಿದರೂ ಅವರು ಪೂರ್ತಿ ಕಾಲು ಚಾಚುವಷ್ಟು ಜಾಗ ಆ ಕಾರಿನಲ್ಲಿರಲಿಲ್ಲ. ಮಂಡಿ ಮಡಚಿಕೊಂಡೇ ಮಲಗುತ್ತಿದ್ದರು. ನಿದ್ದೆಯಲ್ಲಿ ಕಾಲು ತಾನಾಗಿ ಚಾಚಿ ಗಾಜಿಗೆ ತಾಗುತ್ತಿತ್ತು. ಇನ್ನು ಕಾರು ನಿಂತಿದ್ದದ್ದಾದರೂ ಎಲ್ಲಿ? ಸ್ಯಾನ್ ಹೊಸೆಗೆ ಹತ್ತಿರದ ನೆವಾರ್ಕಿನ ನಮ್ಮ ರಸ್ತೆಯಲ್ಲಿ, ಅವರದೇ ಸ್ವಂತ ಮನೆಯ ಡ್ರೈವ್‌ವೇಯಲ್ಲಿ! ಮಲಗುವ ಕೋಣೆಗಳೇ ಮೂರಿದ್ದ ಮನೆ. ಬೀಗದ ಕೈ ಅವರ ಅಂಗಿಯ ಜೇಬಿನಲ್ಲೇ ಇರುತ್ತಿತ್ತು.

ಮದ್ದೂರಿನ ಕಡೆಯವರು. ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಲೋಹದ ಅಚ್ಚು ಮಾಡುವ ಕೆಲಸ ಕಲಿತು, ಎಂಬತ್ತರ ದಶಕದ ಮೊದಲಿಗೇ ಇಲ್ಲಿಗೆ ಬಂದು, ಯಂತ್ರಗಳ ಬಿಡಿಭಾಗ ಮಾಡುವ ಫ್ಯಾಕ್ಟರಿಯೊಂದರಲ್ಲಿ ಸೇರಿದ್ದರು. ಸುತ್ತಮುತ್ತಲ ನಮ್ಮ ಜನರೆಲ್ಲ ಇಂಜಿನಿಯರು, ಡಾಕ್ಟರು ಎಂದು ಬೀಗುತ್ತಿದ್ದ ಕಾಲ. ಇವರು ಕೈಗೆ ಎಣ್ಣೆ ಮೆತ್ತಿಕೊಂಡು ಬಂದು ಎಲ್ಲರ ನಡುವೆ ಆರಾಮವಾಗಿ ಕೂರುತ್ತಿದ್ದರು. ಹೆಂಡತಿ ಜಯಮ್ಮ ಮದ್ದೂರಿನಲ್ಲಿ ಹೈಸ್ಕೂಲ್ ಮೇಡಂ. ಮಕ್ಕಳಿರಲಿಲ್ಲ. ಎರಡು ವರ್ಷಕ್ಕೊಮ್ಮೆ ಗೌಡರು ಹೋಗಿ ಬರುತ್ತಿದ್ದರು.

ಅವರ ಜೇಬಿನಲ್ಲಿ ಬೀಗದ ಕೈಯ ಜೊತೆಗೆ ಯಾವಾಗಲೂ ಒಂದು ಉಕ್ಕಿನ ವರ್ನಿಯರ್ ಇರುತ್ತಿತ್ತು, ಬಾಯಿ ತೆರೆದು ಕಚ್ಚಿಸಿದರೆ ಕೂದಲೆಳೆಯ ದಪ್ಪವನ್ನೂ ಅಳೆಯುವಂಥ ಉಪಕರಣ. ಮೊದಲ ಸಲ ನಮ್ಮ ಮನೆಗೆ ಊಟಕ್ಕೆ ಬಂದ ದಿನವೇ ನಾನು ಬಡಿಸಿದ ರೊಟ್ಟಿಯನ್ನು ಅದರಿಂದ ಅಳೆದು, "ಈ ಕಡೆ ಎರಡು, ಆ ಕಡೆ ಮೂರೂವರೆ, ತಂಗ್ಯವ್ವ" ಎಂದರು. ನನಗೆ ಮೈಯೆಲ್ಲ ಉರಿಯಿತು. ಬಡಿಸುವ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ಅವರು ಮಾತ್ರ ದಪ್ಪ ಕಡೆಯಿಂದ ಶುರುಮಾಡಿ ಐದು ರೊಟ್ಟಿ ತಿಂದರು. ಅವತ್ತಿನಿಂದ ನಾನು ಅವರ ತಂಗಿಯಾದೆ, ಯಾರೂ ನನ್ನನ್ನು ಕೇಳಲಿಲ್ಲ.

ನಮ್ಮ ರಸ್ತೆಯಲ್ಲಿ ಮನೆ ಮಾರಾಟಕ್ಕಿದೆ ಎಂದು ಅವರಿಗೆ ಹೇಳಿದ್ದು ನಮ್ಮ ಯಜಮಾನರು. ಗೌಡರು ಕೊಂಡೇಬಿಟ್ಟರು. ಈ ಸಲ ಜಯಮ್ಮ ಕೆಲಸ ಬಿಟ್ಟು ಬಂದೇ ಬರುತ್ತಾಳೆ ಎಂದರು. ವೈಶಾಖದಲ್ಲಿ ಗೃಹಪ್ರವೇಶ ಎಂದು ಊರಿನ ಪುರೋಹಿತರಿಂದ ಮುಹೂರ್ತವೂ ಬಂತು. ಸ್ಯಾನ್ ಹೊಸೆಯಲ್ಲಿದ್ದ ಅಪಾರ್ಟ್‌ಮೆಂಟನ್ನು ಖಾಲಿ ಮಾಡಿ ಸಾಮಾನನ್ನೆಲ್ಲ ಹೊಸ ಮನೆಯ ಗರಾಜಿನಲ್ಲಿ ತುಂಬಿದರು. ಮೂರನೆಯ ದಿನ ಟೆಲಿಗ್ರಾಂ ಬಂತು: ವೀಸಾ ತಡ.

ಅವತ್ತು ರಾತ್ರಿ ಅವರು ಕಾರಿನಲ್ಲಿ ಮಲಗಿದರು. ಹಾಲುಕ್ಕದ ಮನೆಯಲ್ಲಿ ಮಲಗುವ ಹಾಗಿಲ್ಲವಲ್ಲ! ಹೊಸ ಒಲೆಯ ಮೇಲೆ ಮನೆಯೊಡತಿ ಹಾಲು ಉಕ್ಕಿಸಬೇಕು, ಆಮೇಲೆ ಮಿಕ್ಕಿದ್ದೆಲ್ಲ. ಇದು ನನಗೂ ಗೊತ್ತಿದ್ದ ಪದ್ಧತಿಯೇ. ಆದರೆ ಅದಕ್ಕಾಗಿ ಕಾರಿನಲ್ಲಿ ಮಲಗುವವರನ್ನು ನಾನು ಕಂಡಿರಲಿಲ್ಲ. ನಮ್ಮ ಮನೆಯಲ್ಲಿ ಒಂದು ಕೋಣೆ ಖಾಲಿಯಿದೆ, ಬನ್ನಿ ಎಂದು ಕರೆದೆ. ಅವರು ಒಲ್ಲೆ ಎಂದು ತಲೆಯಾಡಿಸಿಬಿಟ್ಟರು.

"ಸ್ವಂತ ಮನೆ ಇಟ್ಕಂಡು ಇನ್ನೊಬ್ರ ಮನೇಲಿ ಮಲಗುದ್ರೆ ಆ ಮನೆ ಏನಂದ್ಕಂಡಾತು, ತಂಗ್ಯವ್ವ? ಹತ್ ಹದ್ನೈದ್ ದಿನದ್ ಮಾತು. ಜಯಮ್ಮ ಬತ್ತಾಳೆ."

ಹದಿನೈದು ದಿನ ಒಂದು ತಿಂಗಳಾಯಿತು, ಎರಡಾಯಿತು. ಸ್ನಾನ ಫ್ಯಾಕ್ಟರಿಯಲ್ಲಿ, ಊಟ ಅಲ್ಲಿಲ್ಲಿ, ಶನಿವಾರ ಭಾನುವಾರ ನಮ್ಮಲ್ಲಿ. ನನ್ನ ಮಗಳು ಅವರಿಗೆ ಕಾರ್ ಅಂಕಲ್ ಎಂದು ಹೆಸರಿಟ್ಟಳು. ನನ್ನ ತಲೆಯನ್ನು ಇನ್ನಷ್ಟು ಕೆಡಿಸುತ್ತಿದ್ದ ಸಂಗತಿಯೆಂದರೆ, ಅವರು ಆ ಮನೆಯ ಒಳಗೆ ಹೋಗುತ್ತಲೇ ಇರಲಿಲ್ಲ ಎಂದೇನಲ್ಲ. ಸಂಜೆಯಾದರೆ ಕೆಲಸದ ಬಟ್ಟೆ ತೊಟ್ಟು, ಗರಾಜಿನ ಬಾಗಿಲಿನಿಂದ, ಶೂ ಸಮೇತ ಒಳಗೆ ಹೋಗಿ ಗೋಡೆಗೆ ಬಣ್ಣ ಬಳಿಯುತ್ತಿದ್ದರು, ನಲ್ಲಿ ಸರಿಮಾಡುತ್ತಿದ್ದರು, ಅಡುಗೆಮನೆಯ ಒಲೆ ಒರೆಸುತ್ತಿದ್ದರು. ಮುಂಬಾಗಿಲನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಒಳಗೆ ಹೋಗಬಹುದು, ಮಲಗಬಾರದು, ಇದು ಯಾವ ಶಾಸ್ತ್ರ ಎಂದು ಕೇಳಿದೆ.

"ಅದಕ್ಕೂ ಒಂದ್ ಕ್ರಮ ಅದೆ. ನಾನ್ ಹೋಗೋದು ಕೆಲ್ಸದೋನಾಗಿ. ಮನೆಯೋನಾಗಿ ಅಲ್ಲ."

ಮೇ ತಿಂಗಳ ಒಂದು ಭಾನುವಾರ ಬೆಳಗ್ಗೆ ಅವರಿಗೆ ಕಾಫಿ ಕೊಡಲು ಹೋದಾಗ, ಖಾಲಿ ಮಲಗುವ ಕೋಣೆಯ ನಡುವೆ ಗಡಿಯಾರ ಹಿಡಿದು ನಿಂತಿದ್ದರು. ಕಿಟಕಿಯಿಂದ ಬಿಸಿಲು ಎಷ್ಟು ಗಂಟೆಗೆ ನೆಲ ಮುಟ್ಟುತ್ತದೆ ಎಂದು ನೋಡುತ್ತಿದ್ದರಂತೆ. ಏಳು ಗಂಟೆ ಹತ್ತು ನಿಮಿಷ ಎಂದು ಒಂದು ಚೀಟಿಯಲ್ಲಿ ಬರೆದುಕೊಂಡರು. ಮುಹೂರ್ತಕ್ಕೆ ಏನೋ ಬೇಕಿರಬೇಕು ಅಂದುಕೊಂಡೆ. ಮುಹೂರ್ತದ್ದೇ ಮುಂದೆ ಒಂದು ದೊಡ್ಡ ರಾಮಾಯಣವಾಯಿತು. ಶ್ರಾವಣದ್ದೊಂದು ಬೆಳಗಿನ ಜಾವದ ಮುಹೂರ್ತ ಬಂದಿತ್ತು. ಮದ್ದೂರಿನ ಬೆಳಗಿನ ಜಾವ ಇಲ್ಲಿ ಹಿಂದಿನ ದಿನದ ಸಾಯಂಕಾಲ. ಗೌಡರೂ ನಮ್ಮ ಯಜಮಾನರೂ ಎರಡು ಗಡಿಯಾರ ಮುಂದಿಟ್ಟುಕೊಂಡು ಇಡೀ ಮಧ್ಯಾಹ್ನ ವಾದ ಮಾಡಿದರು. ಮನೆ ಎಲ್ಲಿದೆಯೋ ಅಲ್ಲಿಯ ಸೂರ್ಯನೇ ಲೆಕ್ಕಕ್ಕೆ ಎಂದು ಕೊನೆಗೆ ತೀರ್ಮಾನವಾಯಿತು. ಜಯಮ್ಮ ಆ ಶ್ರಾವಣಕ್ಕೂ ಬರಲಿಲ್ಲ.

ಅದೇ ತಿಂಗಳು ಪೊಲೀಸಿನವನು ಬಂದ. ರಸ್ತೆಯ ಕೊನೆಯ ಮನೆಯ ಮುದುಕಿ, ಯಾರೋ ಮನೆಯಿಲ್ಲದವನು ಕಾರಿನಲ್ಲಿ ಬೀಡುಬಿಟ್ಟಿದ್ದಾನೆ ಎಂದು ಫೋನು ಮಾಡಿದ್ದಳು. ಗೌಡರು ನಮ್ಮ ಮನೆಯ ಕಡೆ ಕೈ ತೋರಿಸಿದ್ದರಿಂದ ನಾನೂ ಹೋಗಬೇಕಾಯಿತು. ಪಾಪ, ಒಳ್ಳೆಯ ಹುಡುಗ. ಈ ಮನೆ ಯಾರದು ಎಂದು ಕೇಳಿದ. ನನ್ನದು ಎಂದರು ಗೌಡರು. ಬೀಗದ ಕೈ ಇದೆಯೇ? ಇದೆ. ಒಳಗೆ ಏನಾದರೂ ಕೆಟ್ಟಿದೆಯೇ? ಎಲ್ಲ ಸರಿಯಾಗಿದೆ, ನಾನೇ ಸರಿಮಾಡಿದ್ದೇನೆ. ಮತ್ತೆ ಇಲ್ಲೇಕೆ ಮಲಗುತ್ತೀರಿ? ಹೆಂಡತಿ ಬಂದು ಹಾಲು ಕಾಯಿಸಿಲ್ಲ. ಹುಡುಗ ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ. ನಾನು ಹಾಲು, ಒಲೆ, ಪದ್ಧತಿ ಎಂದು ನನಗೆ ತೋಚಿದ ಹಾಗೆ ವಿವರಿಸಿದೆ. ಬಿಡಿಸಿ ಹೇಳಿದಷ್ಟೂ ಅದು ನನಗೇ ವಿಚಿತ್ರವಾಗಿ ಕೇಳಿಸತೊಡಗಿತು. ಹೊರಡುವಾಗ ಅವನು ನನ್ನನ್ನು ಪಕ್ಕಕ್ಕೆ ಕರೆದು, ಇವರ ಹೆಂಡತಿ ಇವರನ್ನು ಬಿಟ್ಟುಬಿಟ್ಟಿದ್ದಾರೆಯೇ ಎಂದು ಮೆತ್ತಗೆ ಕೇಳಿದ. ಛೆ, ಇಲ್ಲಪ್ಪ ಎಂದೆ.

ಆದರೆ ಆ ಮಾತು ನನ್ನ ತಲೆಯೊಳಗೆ ಹೊಕ್ಕು ಕೂತಿತು. ವೀಸಾ ಜೂನಿನಲ್ಲೇ ಜಯಮ್ಮನ ಕೈಗೆ ಬಂದಿತ್ತು. ಆಮೇಲೆ ಆಷಾಢ ಎಂದಳು, ಅದು ಒಪ್ಪುವ ಮಾತು. ಆಮೇಲೆ ಚಿಕ್ಕಮ್ಮನ ಸೂತಕ. ಆಮೇಲೆ ದಸರಾ ರಜೆ ಕಳೆಯಲಿ ಎಂದಳು. ಇಷ್ಟು ದಿನ ಕಾಯುವುದಾದರೆ ಒಂದು ರೂಮಾದರೂ ಹಿಡಿಯಿರಿ ಎಂದರೆ ಗೌಡರು ಕೇಳುತ್ತಿರಲಿಲ್ಲ. ಪ್ರತಿ ಸಲವೂ ಇನ್ನು ಹದಿನೈದೇ ದಿನ ಇರುತ್ತಿತ್ತು. ಸ್ಟೀರಿಂಗಿನ ಮೇಲೆ ನೀಲಿ ಕಾಗದವಿಟ್ಟುಕೊಂಡು ವಾರಕ್ಕೊಂದು ಪತ್ರ ಬರೆಯುತ್ತಿದ್ದರು. ಏನು ಬರೆಯುತ್ತಿದ್ದರೋ, ಅವರ ದಾಂಪತ್ಯ ನನಗೇಕೆ ಎಂದು ನಾನು ಕೇಳಲಿಲ್ಲ. ಒಂದು ಸಲ ಅವಳ ಶಾಲೆಗೇ ಫೋನು ಮಾಡಿದರು. ಹೆಡ್‌ಮಾಸ್ಟರ ಎದುರು ನಿಂತು ಮಾತನಾಡಬೇಕಾದ ಹೆಂಗಸು ಏನು ಹೇಳಿಯಾಳು? ಹೂಂ, ಸರಿ, ನೋಡೋಣ ಎಂದಳಂತೆ. ಗೌಡರು ನಮ್ಮ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ವರ್ನಿಯರನ್ನು ತೆಗೆಯುತ್ತಾ ಮುಚ್ಚುತ್ತಾ ಇದ್ದರು.

"ಯಾಕ್ ಹಿಂಗಾಡ್ತಾವ್ಳೆ ಅಂತ ಗೊತ್ತಾಯ್ತಿಲ್ಲ ಕಣವ್ವ. ಬರಾಕಿಲ್ಲ ಅಂತ್ಲೂ ಅನ್ನಾಕಿಲ್ಲ."

ನನಗೂ ಗೊತ್ತಾಗಲಿಲ್ಲ. ಎಂಥ ಕಲ್ಲು ಹೃದಯದ ಹೆಂಗಸು ಎಂದು ಮನಸ್ಸಿನಲ್ಲೇ ಅವಳನ್ನು ಬೈದೆ. ಗಂಡ ಕಾರಿನಲ್ಲಿ ಮಲಗಿದ್ದಾನೆ ಎಂದು ತಿಳಿದೂ ದಸರಾ ರಜೆ ಎನ್ನುತ್ತಾಳಲ್ಲ!

ದೀಪಾವಳಿಯ ಹೊತ್ತಿಗೆ ಚಳಿ ಶುರುವಾಯಿತು. ಬೆಳಗ್ಗೆ ಕಾರಿನ ಗಾಜೆಲ್ಲ ಮಂಜು ಕಟ್ಟಿ ಪಾದಗಳೂ ಮಸುಕಾಗಿ ಕಾಣುತ್ತಿದ್ದವು. ಅವರಿಗೆ ಒಣ ಕೆಮ್ಮು ಹತ್ತಿತ್ತು. ಹಬ್ಬದ ದಿನ ಊಟವಾದ ಮೇಲೆ, ಎಲ್ಲರೂ ನಡುಮನೆಯಲ್ಲಿ ಕೂತಿದ್ದಾಗ, ಅವರು ಅಡುಗೆಮನೆಗೆ ಬಂದು ನಿಂತರು. ಆಮೇಲೆ ನೆಲ ನೋಡುತ್ತಾ ಹೇಳಿದರು:

"ಒಡಹುಟ್ಟಿದೋಳು ಉಕ್ಕಿಸುದ್ರೂ ನಡೀತದೆ ಅಂತ ಪುರೋಯ್ತರು ಬರ್ದವ್ರೆ. ನೀನೇ ಬಂದು ಒಂಚೂರು ಹಾಲುಕ್ಕಿಸ್ಬುಡು, ತಂಗ್ಯವ್ವ."

ಆ ಮಾತು ಅವರ ಬಾಯಿಂದ ಬರಲು ಎಷ್ಟು ಕಷ್ಟವಾಗಿತ್ತೋ ನನಗೆ ಕಂಡಿತು. ಹತ್ತು ನಿಮಿಷದ ಕೆಲಸ. ಒಂದು ಪಾತ್ರೆ, ಅರ್ಧ ಸೇರು ಹಾಲು. ಅವತ್ತೇ ರಾತ್ರಿ ಅವರು ಕಾಲು ಚಾಚಿ ಮಲಗಬಹುದಿತ್ತು. ಆದರೆ ನಾನು ಉಕ್ಕಿಸಿದರೆ ಜಯಮ್ಮ ಇನ್ನು ಬರುವುದಿಲ್ಲ ಎಂದು ನಾವಿಬ್ಬರೂ ಒಪ್ಪಿಕೊಂಡ ಹಾಗಾಗುತ್ತದೆ ಎಂದು ನನಗನ್ನಿಸಿತು. ಅವಳು ಬಂದಾಗ ಅವಳಿಗೆ ಏನು ಉಳಿಯುತ್ತದೆ? ನಾನು ಹೇಳಿದೆ:

"ಬೇಡ ಗೌಡ್ರೇ. ಅದು ಅವರ ಒಲೆ. ಅವರೇ ಬಂದು ಉಕ್ಕಿಸಲಿ. ನೀವು ನಮ್ಮನೇಲಿ ಮಲಗಿ."

"ಆಯ್ತು ಬುಡವ್ವ, ನೀನೇಳೋದೂ ದಿಟವೇ" ಎಂದು ಹೊರಗೆ ಹೋದರು. ಮತ್ತೆಂದೂ ಕೇಳಲಿಲ್ಲ. ನಮ್ಮ ಮನೆಯಲ್ಲಿ ಮಲಗಲೂ ಇಲ್ಲ. ನಾನು ಎರಡು ಕಂಬಳಿ ಕೊಟ್ಟು ಕಳಿಸಿದೆ, ಅಷ್ಟೇ.

ಫೆಬ್ರುವರಿಯಲ್ಲಿ, ಒಂದು ಮಂಗಳವಾರ, ಫ್ಯಾಕ್ಟರಿಯಲ್ಲಿ ಯಂತ್ರದ ಮುಂದೆ ನಿಂತಿದ್ದವರು ಹಾಗೇ ಕುಸಿದರು. ಹೃದಯ ಎಂದರು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ಕೆಮ್ಮಿಗೂ ಚಳಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ನಮ್ಮ ಯಜಮಾನರು ನನಗೆ ನೂರು ಸಲ ಹೇಳಿದ್ದಾರೆ. ನಾನು ನೂರು ಸಲವೂ ಹೂಂ ಎಂದಿದ್ದೇನೆ. ಜೊತೆಯ ಕೆಲಸಗಾರರೊಬ್ಬರು ಅಸ್ಥಿಯನ್ನು ಊರಿಗೆ ಒಯ್ದರು. ಮನೆ ಬೇಸಿಗೆಯಲ್ಲಿ ಮಾರಾಟವಾಯಿತು. ಕೊಂಡವರು ಬಂದ ಸಂಜೆಯೇ ಮುಂಬಾಗಿಲು ತೆರೆದು, ಎಲ್ಲ ದೀಪ ಹಾಕಿ, ನೆಲದ ಮೇಲೆ ಕೂತು ಪಿಜ್ಜಾ ತಿಂದು ಅಲ್ಲೇ ಮಲಗಿದರು. ನಾನು ಕಿಟಕಿಯ ಪರದೆ ಎಳೆದುಕೊಂಡೆ.

ಎರಡು ವರ್ಷದ ಮೇಲೆ ಊರಿಗೆ ಹೋದಾಗ, ಆಸ್ಪತ್ರೆಯವರು ನನ್ನ ಕೈಗೆ ಒಪ್ಪಿಸಿದ್ದ ಅವರ ವರ್ನಿಯರನ್ನು ಕೊಡಲೆಂದು ಮೈಸೂರಿನಿಂದ ಮದ್ದೂರಿಗೆ ಹೋದೆ. ನಿಜ ಹೇಳಬೇಕೆಂದರೆ ಆ ಹೆಂಗಸಿಗೆ ನಾಲ್ಕು ಮಾತು ಅನ್ನಬೇಕೆಂದೂ ಹೋಗಿದ್ದೆ. ಜಯಮ್ಮ ತೆಳ್ಳಗೆ, ನರೆಗೂದಲು, ಕನ್ನಡಕ. ಕುರ್ಚಿ ಎಳೆದು ಕೂರಿಸಿದರು. ವರ್ನಿಯರನ್ನು ತೆಗೆದುಕೊಂಡು ಸೆರಗಿನಿಂದ ಒರೆಸಿದರು. ಆಮೇಲೆ ನನ್ನನ್ನೇ ದಿಟ್ಟಿಸಿ ಕೇಳಿದರು:

"ನೀವೇನಾ ಹಾಲುಕ್ಕಿಸಿದ್ದು?"

ನನಗೆ ಮಾತು ಅರ್ಥವಾಗಲಿಲ್ಲ. ಯಾವ ಹಾಲು ಎಂದೆ. ಅವರು ಎದ್ದುಹೋಗಿ ಒಂದು ನೀಲಿ ಕಾಗದ ತಂದು ನನ್ನ ಕೈಯಲ್ಲಿಟ್ಟರು. ಗೌಡರ ಅಕ್ಷರ. ಮೇ ತಿಂಗಳದ್ದು. ವೀಸಾ ತಡವಾದರೆ ಚಿಂತೆ ಮಾಡಬೇಡ, ನಾನು ಹೊಸ ಮನೆಯಲ್ಲಿ ಸುಖವಾಗಿದ್ದೇನೆ, ಮಲಗುವ ರೂಮಿಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಸರಿಯಾಗಿ ಬಿಸಿಲು ಬರುತ್ತದೆ, ನಿದ್ದೆ ಚೆನ್ನಾಗಿ ಬರುತ್ತದೆ ಎಂದು ಬರೆದಿದ್ದರು.

"ನಾನಿಲ್ದೆ ಮನೆ ಒಳಗೆ ಮಲಗವ್ರೆ ಅಂದ್ರೆ ಯಾರೋ ಉಕ್ಕಿಸವ್ರೆ ಅಂತ ತಾನೆ?" ಎಂದರು ಜಯಮ್ಮ. "ಯಾರು ಅಂತ ನಾನು ಕೇಳ್ಲಿಲ್ಲ. ಅವರಾಗೇ ಹೇಳ್ಲಿ ಅಂತಿದ್ದೆ. ಪ್ರತಿ ಕಾಗ್ದದಲ್ಲೂ ಬಿಸ್ಲು ಚೆನ್ನಾಗದೆ, ಗಾಳಿ ಚೆನ್ನಾಗದೆ ಅಂತ್ಲೇ ಬರೆಯೋರು."

ಅನ್ನಬೇಕೆಂದಿದ್ದ ನಾಲ್ಕು ಮಾತು ಬಿಟ್ಟು, ನಡೆದದ್ದು ಎಲ್ಲ ಹೇಳಿದೆ. ಗರಾಜಿನ ಬಾಗಿಲು, ಒರೆಸಿದ ಒಲೆ, ಪೊಲೀಸಿನವನು, ದೀಪಾವಳಿಯ ದಿನ ಅವರು ಕೇಳಿದ್ದು, ನಾನು ಒಲ್ಲೆ ಎಂದದ್ದು. ಆ ಮನೆಯಲ್ಲಿ ಯಾರೂ ಹಾಲುಕ್ಕಿಸಲಿಲ್ಲ, ಒಂದು ರಾತ್ರಿಯೂ ಅವರು ಒಳಗೆ ಮಲಗಲಿಲ್ಲ, ಹತ್ತು ತಿಂಗಳು ಕಾರಿನಲ್ಲೇ ಇದ್ದರು ಎಂದೆ. ನಾನು ಮಾಡಿದ್ದು ಸರಿಯೋ ತಪ್ಪೋ ಇವರಾದರೂ ಹೇಳಲಿ ಎಂದು ಅವರ ಮುಖ ನೋಡಿದೆ. ಉಕ್ಕಿಸಿದ್ದರೆ ಗೌಡರು ಬೆಚ್ಚಗೆ ಮಲಗುತ್ತಿದ್ದರು. ಉಕ್ಕಿಸಿದ್ದರೆ ಈಕೆಯ ಅನುಮಾನ ನಿಜವಾಗುತ್ತಿತ್ತು. ಇವತ್ತಿಗೂ ನನಗೆ ಇದು ಬಗೆಹರಿದಿಲ್ಲ.

ಜಯಮ್ಮ ಅಳಲಿಲ್ಲ. ವರ್ನಿಯರಿನ ಬಾಯನ್ನು ಮೆಲ್ಲಗೆ ತೆಗೆದರು, ಮುಚ್ಚಿದರು. ಆಮೇಲೆ ಕೇಳಿದರು:

"ಅಷ್ಟುದ್ದದ ಆಳು. ಕಾಲು ನೀಡ್ಕಳಾಕಾದ್ರೂ ಜಾಗ ಇತ್ತಾ ಅದ್ರಲ್ಲಿ?"

"ಇತ್ತು, ಜಯಮ್ಮನೋರೇ" ಎಂದೆ. "ಬೇಕಾದಷ್ಟಿತ್ತು."