ಹತ್ತು ಸಾವಿರದ ಒಂದು

ಲೆಕ್ಕದಣ್ಣ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಮನುಷ್ಯ. ಆದರೆ ಯಂತ್ರಗಳ ಹಲ್ಲಿನ ಚಕ್ರ ಕಡಿಯುವುದರಲ್ಲಿ ಅವನಿಗೆ ಸಾಟಿಯಿರಲಿಲ್ಲ, ಅದನ್ನು ಒಪ್ಪಲೇಬೇಕು. ಮೂವತ್ತೈದು ವರ್ಷ ಒಂದೇ ವರ್ಕ್‌ಶಾಪು, ಅದರಲ್ಲಿ ಇಪ್ಪತ್ತಾರು ವರ್ಷ ಮೇಸ್ತ್ರಿ.

ಆ ಮೇಸ್ತ್ರಿಗಿರಿ ಸಿಕ್ಕಿದ್ದೂ ಒಂದು ಲೆಕ್ಕದಿಂದಲೇ. ಅಲ್ಲೇ ಕೆಲಸಕ್ಕಿದ್ದ ಅವನ ತಮ್ಮ ನೂಲು ಸುತ್ತುವ ಯಂತ್ರವೊಂದರ ನಕ್ಷೆ ಬರೆದಿದ್ದ. ಮೊದಲ ಚಕ್ರ ಹತ್ತು ಸಾವಿರದ ಒಂದು ಸುತ್ತು ತಿರುಗಿದರೆ ಕೊನೆಯದು ಒಂದೇ ಸುತ್ತು ತಿರುಗಬೇಕು. ಅಷ್ಟು ಹಲ್ಲಿನ ಒಂದೇ ಚಕ್ರವನ್ನು ಯಾರು ಕಡಿಯುತ್ತಾರೆ? ಸಂಖ್ಯೆ ಎರಡು ಸಣ್ಣ ಸಂಖ್ಯೆಗಳ ಗುಣಾಕಾರವಾಗಿ ಒಡೆದರೆ ಮಾತ್ರ ಎರಡು ಚಕ್ರದಲ್ಲಿ ಕೆಲಸ ಮುಗಿಯುತ್ತದೆ. ಮಾಲೀಕರ ಎದುರಿಗೇ ಅಣ್ಣ ಸೀಮೆಸುಣ್ಣ ಹಿಡಿದ. ಗೋಡೆಗೆ ತೂಗುಹಾಕಿದ್ದ ಚಕ್ರಗಳ ಹಲ್ಲಿನ ಸಂಖ್ಯೆಯಿಂದ ಒಂದೊಂದಾಗಿ ಭಾಗಿಸುತ್ತ, ಶೇಷ ಉಳಿದ ಚಕ್ರಕ್ಕೆಲ್ಲ ಗೀಟು ಹಾಕುತ್ತ ಹೋದ. ಎಪ್ಪತ್ತೆರಡು ಹಲ್ಲಿನ ಕೊನೆಯ ಚಕ್ರಕ್ಕೂ ಗೀಟು ಬಿತ್ತು.

“ಇದು ಒಡೆಯೋ ಸಂಖ್ಯೆ ಅಲ್ಲ ಕಣೋ. ನಕ್ಷೆ ಒಲೆಗೆ ಹಾಕು,” ಎಂದ. ಮಾಲೀಕರು ತಲೆದೂಗಿದರು.

ಒಂದೇ ವಾರದಲ್ಲಿ ತಮ್ಮ ಕೆಲಸ ಬಿಟ್ಟು ಬಸ್ಸು ಓಡಿಸಲು ಹೋದ. ಆಮೇಲೆ ನೆಂಟರು ಸೇರಿದಾಗಲೆಲ್ಲ ಅಣ್ಣನ ಬಾಯಿ ಸುಮ್ಮನಿರುತ್ತಿರಲಿಲ್ಲ. “ಕಲ್ಲಿಗೆ ತಲೆ ಚಚ್ಚಿಕೊಂಡ ಇಂಜಿನಿಯರ್ ಸಾಹೇಬರು ಬಂದ್ರು!” ಎಲ್ಲರ ಜೊತೆ ತಮ್ಮನೂ ನಗುತ್ತಿದ್ದ.

ಮೊನ್ನೆ ಪೆಟ್ಟಿಗೆಯೊಂದರಲ್ಲಿ ಎಪ್ಪತ್ತಮೂರು ಹಲ್ಲಿನ ಹೊಸ ಚಕ್ರ ಬಂತು. ತಮಾಷೆಗೆಂದು ಅಣ್ಣ ಆ ಹಳೆಯ ಸಂಖ್ಯೆಯನ್ನು ಅದರಿಂದ ಭಾಗಿಸಿದ. ನೂರ ಮೂವತ್ತೇಳು. ಶೇಷ ಸೊನ್ನೆ.

ಕಾಗದದ ಮೇಲೆ ಮತ್ತೆ ಮಾಡಿದ. ಸೊನ್ನೆಯೇ. ಇಷ್ಟು ದೊಡ್ಡ ಲೆಕ್ಕಗಾರ, ಗೋಡೆಯ ಮೇಲೆ ಚಕ್ರ ಮುಗಿದ ಕೂಡಲೇ ಸಂಖ್ಯೆಗಳೂ ಮುಗಿದವೆಂದುಕೊಂಡಿದ್ದ! ನೂರರವರೆಗೆ ನೋಡಬೇಕಿತ್ತು, ಎರಡು ಭಾಗಗಳೂ ನೂರು ದಾಟಿದರೆ ಗುಣಲಬ್ಧ ಹತ್ತು ಸಾವಿರದ ಒಂದನ್ನು ಮೀರುತ್ತದೆ ಎಂಬುದು ಅವನಿಗೆ ಗೊತ್ತಿಲ್ಲದ ಮಾತೇನಲ್ಲ. ಇನ್ನು ಒಂದೇ ಒಂದು ಹೆಜ್ಜೆ ಇಡದೆ ತಮ್ಮನ ಬಾಳಿನ ದಾರಿಯನ್ನೇ ತಪ್ಪಿಸಿಬಿಟ್ಟೆನಲ್ಲ ಎಂದುಕೊಂಡ.

ಮಧ್ಯಾಹ್ನವೇ ರಜೆ ಹಾಕಿ ತಮ್ಮನ ಮನೆಗೆ ಓಡಿದ. ತಮ್ಮ ಸಂಜೆ ಪಾಳಿಗೆ ಯೂನಿಫಾರ್ಮಿನ ಗುಂಡಿ ಹಾಕಿಕೊಳ್ಳುತ್ತಿದ್ದ.

“ಅದು ಒಡೆಯುತ್ತೆ ಕಣೋ,” ಎಂದ ಅಣ್ಣ, ಏದುಸಿರು ಬಿಡುತ್ತ. “ಎಪ್ಪತ್ತಮೂರು, ನೂರ ಮೂವತ್ತೇಳು.”

“ಹೌದಣ್ಣ. ನನಗೆ ಅವತ್ತು ರಾತ್ರಿನೇ ಸಿಕ್ಕಿತ್ತು.”

ಅಣ್ಣ ಕುರ್ಚಿ ಎಳೆದುಕೊಂಡು ಕೂತ. “ಮತ್ತೆ ಯಾಕೋ ಹೇಳ್ಲಿಲ್ಲ?”

“ಹೇಳೋಣ ಅಂತಾನೇ ಬೆಳಿಗ್ಗೆ ಬಂದೆ. ಅಷ್ಟರಲ್ಲಿ ಮಾಲೀಕರು ನಿನ್ನನ್ನ ಮೇಸ್ತ್ರಿ ಮಾಡಿಬಿಟ್ಟಿದ್ರು, ಎಲ್ಲರೂ ನಿನ್ನ ಕೈ ಕುಲುಕ್ತಾ ಇದ್ರು. ಅತ್ತಿಗೆ ತುಂಬು ಬಸುರಿ.” ತಮ್ಮ ಕೊನೆಯ ಗುಂಡಿ ಹಾಕಿಕೊಂಡ. “ಅಲ್ಲೇ ಇದ್ದಿದ್ರೆ ಒಂದಲ್ಲ ಒಂದು ದಿನ ಬಾಯಿತಪ್ಪಿ ಹೇಳಿಬಿಡ್ತಿದ್ದೆ. ಅದಕ್ಕೇ ಕೆಲಸ ಬಿಟ್ಟೆ.”